ಮೊದಲ ಗುಟುಕಿಗೂ ಮುನ್ನ

1941ರ ಮಾರ್ಚ್ 15. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರು. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಆಪರೇಷನ್ ಮೇಜಿನ ಮೇಲೆ ಹನ್ನೆರಡು ದಿನದ ಹೆಣ್ಣುಕೂಸು ಮಲಗಿದೆ. ಹುಟ್ಟಿದಾಗಿನಿಂದ ಬಾಯಿಗೆ ಬಿದ್ದ ಒಂದು ಹನಿಯೂ ಅದರ ಹೊಟ್ಟೆ ಸೇರಿಲ್ಲ. ಸೇರಲು ದಾರಿಯೇ ಇಲ್ಲ!

ಬಾಯಿಂದ ಹೊರಟ ಅನ್ನನಾಳ ಎದೆಯ ಮೇಲ್ಭಾಗದಲ್ಲೇ ಬಾಯಿ ಕಟ್ಟಿದ ಚೀಲದಂತೆ ನಿಂತುಬಿಟ್ಟಿದೆ. ಕೆಳಗಿನ ತುಂಡು ಹೊಟ್ಟೆಯಿಂದ ಮೇಲೇರಿ ಬಂದು ಉಸಿರಿನ ಕೊಳವೆಗೆ ಕೂಡಿಕೊಂಡಿದೆ. ಮೇಲಿನ ಚೀಲ ತುಂಬಿದಾಗಲೆಲ್ಲ ಜೊಲ್ಲು ಉಕ್ಕಿ ಶ್ವಾಸಕೋಶಕ್ಕೆ ಹರಿಯುತ್ತದೆ. ಕೆಳಗಿನಿಂದ ಹೊಟ್ಟೆಯ ಆಮ್ಲ ಏರಿ ಅದೇ ಶ್ವಾಸಕೋಶವನ್ನು ಸುಡುತ್ತದೆ. ಕೂಸು ಅತ್ತರೂ ಕಷ್ಟ: ಎಳೆದುಕೊಂಡ ಗಾಳಿ ಆ ಕಳ್ಳದಾರಿಯಲ್ಲಿ ಹೊಟ್ಟೆಗೆ ನುಗ್ಗಿ, ಹೊಟ್ಟೆ ಉಬ್ಬಿ, ಉಸಿರಿಗೇ ಜಾಗವಿಲ್ಲದಂತಾಗುತ್ತದೆ.

ಇದೇನು ಹೊಸ ಕಾಯಿಲೆಯಲ್ಲ. 1697ರಲ್ಲೇ ಥಾಮಸ್ ಗಿಬ್ಸನ್ ಎಂಬ ಇಂಗ್ಲಿಷ್ ವೈದ್ಯ ಇಂಥ ಕೂಸಿನ ಕಥೆಯನ್ನು ವಿವರವಾಗಿ ಬರೆದಿಟ್ಟಿದ್ದ. ಆಮೇಲಿನ ಎರಡು ಶತಮಾನಕ್ಕೂ ಹೆಚ್ಚು ಕಾಲ ವೈದ್ಯರು ನೋಡಿದರು, ಬರೆದರು, ಕೂಸುಗಳನ್ನು ಮಣ್ಣಿಗೆ ಕೊಟ್ಟರು. 1939ರಲ್ಲಿ ಶಸ್ತ್ರವೈದ್ಯರಾದ ಬಾಸ್ಟನ್ನಿನ ವಿಲಿಯಂ ಲ್ಯಾಡ್, ಮಿನೆಸೋಟದ ಲೋಗನ್ ಲೆವೆನ್ ಒಬ್ಬೊಬ್ಬರು ಒಂದೊಂದು ಕೂಸನ್ನು ಉಳಿಸಿದರು. ಆದರೆ ತುಂಡಾದ ನಾಳವನ್ನು ನೇರವಾಗಿ ಕೂಡಿಸಿ ಕೂಸನ್ನು ಉಳಿಸಲು ಯಾರಿಗೂ ಆಗಿರಲಿಲ್ಲ. ಹೊಟ್ಟೆಗೆ ತೂತು ಮಾಡಿ ಹಾಲು ಹಾಕಬೇಕಿತ್ತು.

ಈಗ ಆನ್ ಆರ್ಬರ್‌ನ ಆ ಮೇಜಿನ ಬಳಿ ಕತ್ತಿ ಹಿಡಿದಿರುವವರು ಶಸ್ತ್ರವೈದ್ಯ ಕ್ಯಾಮರಾನ್ ಹೇಟ್. ಅವರ ಹಿಂದಿನ ಪ್ರಯತ್ನಗಳೆಲ್ಲ ಸೋತಿವೆ. ಕೂಸುಗಳಿಗೆ ಉಸಿರು ಕೊಡುವ ಇಂದಿನ ವೆಂಟಿಲೇಟರ್ ಇಲ್ಲ. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲ. ಹೇಟ್ ಬೆನ್ನಿನ ಕಡೆಯಿಂದ ಎದೆಗೆ ಇಳಿಯುತ್ತಾರೆ. ಶ್ವಾಸಕೋಶವನ್ನು ಸುತ್ತುವರಿದ ತೆಳುಪೊರೆಯನ್ನು ಹರಿಯುವುದಿಲ್ಲ, ಮೆಲ್ಲಗೆ ಬಿಡಿಸಿ ಪಕ್ಕಕ್ಕೆ ಸರಿಸುತ್ತಾರೆ. ಕಳ್ಳದಾರಿಯನ್ನು ಕಟ್ಟುತ್ತಾರೆ. ಎರಡು ತುದಿಗಳನ್ನು ಹತ್ತಿರ ಎಳೆದು ಒಂದೊಂದೇ ಹೊಲಿಗೆ ಹಾಕುತ್ತಾರೆ. ಬಿಗಿ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಸೋರುತ್ತದೆ.

ಸೋರಿಯೇ ಬಿಟ್ಟಿತು!

ಆಗಲೇ ಆ ಹರಿಯದ ಪೊರೆ ಕೈಹಿಡಿದದ್ದು. ಸೋರಿದ್ದು ಎದೆಯ ತುಂಬ ಹರಡದೆ ಪೊರೆಯ ಹೊರಗಡೆಯೇ ಉಳಿಯಿತು. ದಿನಗಳು ಕಳೆದಂತೆ ಗಾಯ ತಾನಾಗಿ ಮುಚ್ಚಿತು. ಮುಂದೆ ಹೊಲಿಗೆಯ ಜಾಗ ಕಿರಿದಾಯಿತು, ಒಮ್ಮೆ ಹಿಗ್ಗಿಸಿದರು. ಕೂಸು ಮನೆಗೆ ಹೊರಟದ್ದು ಇಪ್ಪತ್ತು ತಿಂಗಳ ಮೇಲೆ. ಬದುಕಿ, ತನ್ನದೇ ಅನ್ನನಾಳದಲ್ಲಿ ನುಂಗುತ್ತ ಹೊರಟಿತು.

ಆ ಸಾಹಸ ಇಂದು ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಸುಮಾರು 3,500 ಹೆರಿಗೆಗೆ ಒಂದರಂತೆ ಇಂಥ ಕೂಸು ಹುಟ್ಟುತ್ತದೆ. ಆದರೆ ಅದು ಹುಟ್ಟುವುದು ಎಲ್ಲೋ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆಗೆ, ಹೊರಗೆ ಮಳೆ ಸುರಿಯುವಾಗ ಇರಬಹುದು. ಅಲ್ಲಿ ಹೇಟ್ ಇರುವುದಿಲ್ಲ. ಒಬ್ಬ ನರ್ಸಮ್ಮ ಇರುತ್ತಾರೆ. ಈ ಕಥೆಯ ನಿಜವಾದ ನಾಯಕಿ ಆಕೆಯೇ ಎಂದು ನಾನು ನಂಬುತ್ತೇನೆ.

ಆಕೆಗೆ ಕಾಣುವುದು ನೊರೆ. ಕೂಸಿನ ತುಟಿಯ ಮೇಲೆ ಸೋಪಿನ ಗುಳ್ಳೆಯಂಥ ಬಿಳಿ ನೊರೆ. ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಬರುತ್ತದೆ. ಗರಗರ ಸದ್ದು, ಕೆಮ್ಮು, ತುಟಿಗೆ ನೀಲಿ ಬಣ್ಣ. ಬಸುರಿನಲ್ಲಿ ತಾಯಿಗೆ ಗರ್ಭದ ನೀರು ವಿಪರೀತ ಹೆಚ್ಚಿತ್ತು ಎಂದು ಸ್ಕ್ಯಾನಿಂಗ್ ಚೀಟಿಯಲ್ಲಿ ಬರೆದಿದ್ದರೆ ಅನುಮಾನ ಇನ್ನೂ ಗಟ್ಟಿ. ಅಷ್ಟರಲ್ಲಿ ಅಜ್ಜಿ ಪ್ರೀತಿಯಿಂದ ಜೇನು ಅದ್ದಿದ ಬೆರಳು ತರುತ್ತಾರೆ. ಇನ್ನೊಬ್ಬರು ಸಕ್ಕರೆ ನೀರಿನ ಒಳಲೆ ಹಿಡಿದು ಬರುತ್ತಾರೆ. ಆ ಒಂದು ಗುಟುಕು ನೇರ ಶ್ವಾಸಕೋಶಕ್ಕೆ!

“ಬೇಡಿ ಅಜ್ಜಿ, ಏನೂ ಹಾಕಬೇಡಿ” ಎನ್ನಬೇಕಾದ ಗಳಿಗೆ ಅದು. ನರ್ಸಮ್ಮ ಬಾಯಿಂದ ಹೊಟ್ಟೆಗೆ ತುಸು ಗಟ್ಟಿಯಾದ ಟ್ಯೂಬ್ ಇಳಿಸುತ್ತಾರೆ. ಸುಮಾರು ಹತ್ತು ಸೆಂಟಿಮೀಟರಿಗೆ ತಡೆದು ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಟ್ಯೂಬ್ ಎದೆಯ ಮೇಲ್ಭಾಗದಲ್ಲೇ ಸುರುಳಿ ಸುತ್ತಿ ಕೂತಿದ್ದರೆ ಗುಟ್ಟು ರಟ್ಟಾಯಿತು. ಹೊಟ್ಟೆಯಲ್ಲಿ ಗಾಳಿ ಕಂಡರೆ ಕಳ್ಳದಾರಿಯೂ ಇದೆ ಎಂದರ್ಥ. ನೂರರಲ್ಲಿ ಸುಮಾರು 85 ಕೂಸುಗಳಲ್ಲಿ ಇದೇ ಬಗೆ.

ಇನ್ನು ಓಟ. ಕೂಸಿನ ತಲೆ ಎತ್ತರದಲ್ಲಿರಬೇಕು. ಮೇಲಿನ ಚೀಲದ ಜೊಲ್ಲನ್ನು ದಾರಿಯುದ್ದಕ್ಕೂ ಸಕ್ಷನ್ ಹಾಕಿ ತೆಗೆಯುತ್ತಿರಬೇಕು, ಮೈ ಬೆಚ್ಚಗಿರಬೇಕು, ನರಕ್ಕೆ ಗ್ಲೂಕೋಸ್ ಹರಿಯುತ್ತಿರಬೇಕು. ಮಾಸ್ಕ್ ಒತ್ತಿ ಗಾಳಿ ತುಂಬುವುದನ್ನು ಆದಷ್ಟು ತಪ್ಪಿಸಬೇಕು, ಅದು ಹೊಟ್ಟೆಯನ್ನೇ ಊದಿಸುತ್ತದೆ. ಮಕ್ಕಳ ಶಸ್ತ್ರವೈದ್ಯರಿರುವ ಕಡೆ ಸೇರಿದ ಮೇಲೆ ಹೃದಯ, ಮೂತ್ರಪಿಂಡ, ಬೆನ್ನುಮೂಳೆ, ಗುದದ್ವಾರ ಎಲ್ಲವನ್ನೂ ನೋಡುತ್ತಾರೆ. ಇಂಥ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇನ್ನೊಂದು ದೋಷವೂ ಜೊತೆಗಿರುತ್ತದೆ.

ಬಾಣಂತಿಯನ್ನು ಮಾತ್ರ ಯಾರೂ ದೂರಬೇಡಿ. ಬಸುರಿನ ನಾಲ್ಕನೇ ವಾರದ ಸುಮಾರಿಗೆ ಒಂದೇ ನಾಳ ಅನ್ನಕ್ಕೊಂದು, ಉಸಿರಿಗೊಂದು ಎಂದು ಬೇರೆಯಾಗುವಾಗ ಆದ ಎಡವಟ್ಟು ಇದು. ಎಷ್ಟೋ ತಾಯಂದಿರಿಗೆ ಆಗ ತಾವು ಬಸುರಿ ಎಂಬುದೂ ಗೊತ್ತಿರುವುದಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ತೂಕ ಸರಿಯಿದ್ದು, ಬೇರೆ ದೊಡ್ಡ ದೋಷವಿಲ್ಲದ ಕೂಸುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಇಂದು ಒಳ್ಳೆಯ ಕೇಂದ್ರಗಳಲ್ಲಿ ಬದುಕುತ್ತವೆ. ನಿಮ್ಮ ಮನೆಯ ಕೂಸಿನ ಬಾಯಲ್ಲಿ ಒರೆಸಿದಷ್ಟೂ ನೊರೆ ಬರುತ್ತಿದ್ದರೆ ಜೇನು, ಹಾಲು, ನೀರು ಯಾವುದನ್ನೂ ಕೊಡಬೇಡಿ. ತಕ್ಷಣ ಡಾಕ್ಟರನ್ನು ಕೂಗಿ, “ಟ್ಯೂಬ್ ಇಳಿಯುತ್ತದೆಯಾ ನೋಡಿ” ಎಂದು ಕೇಳಿ.