ಮೆಂಫಿಸಿನ ಸೋಮವಾರಗಳು

ಸಂಜೆ ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವ ಮನುಷ್ಯನೇ ಶನಿವಾರ ಬೆಳಿಗ್ಗೆ ಅದೇ ಟೀವಿ ಸ್ಟೇಷನ್ನಿನಲ್ಲಿ ಕೂತು, ಯಾರು ಯಾರ ಬೆನ್ನಿಗೆ ಕುರ್ಚಿ ಬೀಸಿದರು ಎಂಬುದನ್ನೂ ಹೇಳುತ್ತಿದ್ದ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಡೇವ್ ಬ್ರೌನ್ ಎಂಬಾತ ಈ ಎರಡೂ ಕೆಲಸವನ್ನು ವರ್ಷಗಟ್ಟಲೆ ಒಂದೇ ದನಿಯಲ್ಲಿ ಮಾಡಿದ. ಬಿರುಗಾಳಿ ಬರುತ್ತದೆ ಎಂದಾಗ ನಂಬಿ ಕಿಟಕಿ ಮುಚ್ಚುವ ಜನ, ಕುಸ್ತಿಯ ಮಾತಿಗೆ ಬಂದಾಗ ಅದೇ ಮುಖವನ್ನು ನಂಬದೆ ಇರುವುದು ಹೇಗೆ? ಅವನ ಪಕ್ಕದಲ್ಲಿ ಲ್ಯಾನ್ಸ್ ರಸೆಲ್. ಖಳರು ಬಂದು ಅವನ ಉದ್ದ ಮೂಗಿಗೆ ಬಾಳೆಹಣ್ಣಿನ ಹೆಸರಿಟ್ಟು ಹಂಗಿಸುತ್ತಿದ್ದರು. ಅವನು ಒಂದು ನಿಟ್ಟುಸಿರು ಬಿಟ್ಟು ಕ್ಯಾಮೆರಾ ಕಡೆ ನೋಡುತ್ತಿದ್ದ, ಅಷ್ಟೆ. ಆ ನೋಟಕ್ಕೇ ಊರು ಅವನ ಪರವಾಗುತ್ತಿತ್ತು.

ಈ ಊರಿಗೆ ನಾನು ಹೋದದ್ದು ಕಂಪ್ಯೂಟರ್ ಕೆಲಸಕ್ಕೆ. ವಿಮಾನದಲ್ಲಿ ಪಾರ್ಸೆಲ್ ಸಾಗಿಸುವ ದೊಡ್ಡ ಕಂಪನಿಯೊಂದರ ತವರು ಅದು. ಗುತ್ತಿಗೆಯ ಮೇಲೆ ಬಂದ ನನ್ನಂಥವರು ಅಲ್ಲಿ ಕಡಿಮೆಯೇನಿಲ್ಲ. ಎಲ್ವಿಸ್ ಪ್ರೆಸ್ಲಿಯ ಮನೆ ನೋಡಿದ್ದಾಯಿತು, ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ಮೋಟೆಲನ್ನೂ ನೋಡಿದ್ದಾಯಿತು. ಮೂರನೆಯದನ್ನು ತೋರಿಸಿದವರು ಪಕ್ಕದ ಮನೆಯ ನಿವೃತ್ತ ಲಾರಿ ಡ್ರೈವರ್. ಮಿಡ್-ಸೌತ್ ಕಾಲಿಸಿಯಂ ಎಂಬ ಗುಂಡಗಿನ ದೊಡ್ಡ ಕಟ್ಟಡ. 1964ರಲ್ಲಿ ಬಾಗಿಲು ತೆರೆದು 2006ರಲ್ಲಿ ಮುಚ್ಚಿಕೊಂಡಿತು. ಅಲ್ಲಿ ಬೀಟಲ್ಸ್ ಹಾಡಿದ್ದಾರೆ, ಎಲ್ವಿಸ್ ಹಾಡಿದ್ದಾನೆ. ನನ್ನ ನೆರೆಯವರಿಗೆ ಅದ್ಯಾವುದೂ ಮುಖ್ಯವಲ್ಲ. ಅವರಿಗೆ ಆ ಕಟ್ಟಡವೆಂದರೆ ಸೋಮವಾರ ರಾತ್ರಿಯ ಕುಸ್ತಿ.

ಸಾಗರದಲ್ಲಿ ಶಾಲೆಯ ಜಗಲಿಯ ಮೇಲೆ ಅಮೆರಿಕದ ಜಟ್ಟಿಗಳ ಟ್ರಂಪ್ ಕಾರ್ಡ್ ಆಡಿ ಬೆಳೆದವನು ನಾನು. ಹೈಟು, ವೆಯ್ಟು, ಚೆಸ್ಟು, ರ‍್ಯಾಂಕು ಎಂದು ಕೂಗಿ ಕಾರ್ಡು ಕಿತ್ತುಕೊಳ್ಳುತ್ತಿದ್ದೆವು. ಆ ಕುಸ್ತಿಗೆ ಒಂದು ಊರು ಇರಬಹುದೆಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಅಂಡರ್‌ಟೇಕರ್ ಎಂಬ ಜಟ್ಟಿ ಟೀವಿಯಲ್ಲಿ ಇರುತ್ತಿದ್ದ. ಟೀವಿ ಎಲ್ಲಿಂದಲೋ ಬರುತ್ತಿತ್ತು. ಅದೇ ಅಂಡರ್‌ಟೇಕರ್ 1989ರಲ್ಲಿ ಬೇರೆ ಹೆಸರಿಟ್ಟುಕೊಂಡು, ಮುಖಕ್ಕೆ ಮುಸುಕು ಹಾಕಿಕೊಂಡು ಇದೇ ಮೆಂಫಿಸಿನ ಕುಸ್ತಿ ಕಂಪನಿಯಲ್ಲಿ ಹೊಡೆದಾಡಿದ್ದ ಎಂದು ನೆರೆಯವರು ಹೇಳಿದಾಗ ನನಗೆ ಯಾಕೋ ಸಣ್ಣ ಆಘಾತವೇ ಆಯಿತು. ಇನ್ನೊಬ್ಬ, ಸ್ಟೀವ್ ಆಸ್ಟಿನ್, ಅವನಿಗೆ ಆ ಹೆಸರೇ ಇಲ್ಲಿ ಸಿಕ್ಕಿದ್ದು. ಆಗಲೇ ಇವನದೇ ಹೆಸರಿನ, ಸ್ಟೀವ್ ವಿಲಿಯಮ್ಸ್ ಎಂಬ ಬೇರೊಬ್ಬ ಹೆಸರಾಂತ ಜಟ್ಟಿ ಇದ್ದುದರಿಂದ, ಡಚ್ ಮ್ಯಾಂಟೆಲ್ ಎಂಬ ಹಳಬ ಇವನನ್ನು ಆಸ್ಟಿನ್ ಎಂದು ಕರೆದುಬಿಟ್ಟ.

ಅಮೆರಿಕದ ಈ ಕುಸ್ತಿ ಒಂದು ಕಾಲಕ್ಕೆ ಸೀಮೆಗಳಲ್ಲಿ ಹಂಚಿಹೋಗಿತ್ತು. 1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಎಂಬಲ್ಲಿ ಕೆಲವು ಯಜಮಾನರು ಸೇರಿ ಒಕ್ಕೂಟ ಕಟ್ಟಿ, ಒಬ್ಬರ ಗಡಿ ಒಬ್ಬರು ದಾಟಬಾರದೆಂದು ಮಾತಾಡಿಕೊಂಡರು. ಮೆಂಫಿಸ್ ಆಗ ನ್ಯಾಶ್‌ವಿಲ್‌ನ ಯಜಮಾನಿಕೆಯ ಕೆಳಗಿತ್ತು. 1977ರಲ್ಲಿ ಜೆರ್ರಿ ಜ್ಯಾರೆಟ್ ಎಂಬಾತ ಸಿಡಿದು ಬಂದು ಸ್ವಂತ ಕಂಪನಿ ಮಾಡಿದ, ಜೆರ್ರಿ ಲಾಲರ್ ಎಂಬ ತಾರೆಯನ್ನೂ ಜೊತೆಗೆ ತಂದ. ಸೋಮವಾರ ಮೆಂಫಿಸ್, ರಾತ್ರಿ ಆಟ ಮುಗಿದ ಮೇಲೆ ಕಾರು ಹತ್ತಿದರೆ ಮಂಗಳವಾರ ಸುಮಾರು 600 ಕಿಲೋಮೀಟರ್ ಆಚೆಯ ಲೂಯಿವಿಲ್, ಬುಧವಾರ ಎವಾನ್ಸ್‌ವಿಲ್, ಹೀಗೇ ಸುತ್ತಿ ಶನಿವಾರ ಬೆಳಿಗ್ಗೆ ಮೆಂಫಿಸಿನ ಟೀವಿ ಸ್ಟುಡಿಯೋ. ನಾಯಕರು ಒಂದು ಕಾರಿನಲ್ಲಿ, ಖಳರು ಇನ್ನೊಂದರಲ್ಲಿ. ಜೊತೆಯಲ್ಲಿ ಚಾ ಕುಡಿಯುವುದನ್ನು ಊರಿನವರು ನೋಡಿಬಿಟ್ಟರೆ ಮುಂದಿನ ವಾರದ ಗಲ್ಲಾ ಖಾಲಿ.

ಮಲೆನಾಡಿನವನಾದ ನನಗೆ ಇದನ್ನು ಕೇಳುವಾಗ ಯಕ್ಷಗಾನದ ಡೇರೆ ಮೇಳಗಳೇ ಕಣ್ಣ ಮುಂದೆ ಬಂದವು. ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಮೇಳಕ್ಕೆ ದಿನಕ್ಕೊಂದು ಊರು; ಇವತ್ತು ಗೆದ್ದ ಪ್ರಸಂಗವನ್ನೇ ನಾಳೆ ಇನ್ನೊಂದು ಗದ್ದೆಯಲ್ಲಿ ಆಡಬಹುದು. ಕೀಚಕ ಪ್ರತಿ ರಾತ್ರಿ ಸತ್ತರೂ ಯಾರ ತಕರಾರೂ ಇಲ್ಲ. ಮೆಂಫಿಸಿನವರದು ಪ್ರತಿ ಸೋಮವಾರ ಅದೇ ಸಭಾಂಗಣ, ಅದೇ ಕುರ್ಚಿಗಳಲ್ಲಿ ಅದೇ ಜನ. ಸತ್ತ ಕೀಚಕ ಮುಂದಿನ ವಾರ ಯಾಕೆ ಎದ್ದು ಬಂದ ಎಂಬುದಕ್ಕೆ ಕಾರಣ ಕೊಡಲೇಬೇಕು. ವರ್ಷಕ್ಕೆ 52 ಸೋಮವಾರ, 52 ಕಾರಣ. ಆ ಊರಿನ ಕುಸ್ತಿಯಲ್ಲಿದ್ದ ಹುಚ್ಚು ಕಲ್ಪನೆಯೆಲ್ಲ ಹುಟ್ಟಿದ್ದು ಈ ಒತ್ತಡದಲ್ಲಿ ಎಂದು ನಾನು ತಿಳಿದಿದ್ದೇನೆ.

ಎಷ್ಟು ಹುಚ್ಚು ಎಂದರೆ, 1979ರಲ್ಲಿ ಟುಪೆಲೋ ಎಂಬ ಸಣ್ಣ ಊರಿನಲ್ಲಿ ಪಂದ್ಯ ಮುಗಿದ ಮೇಲೂ ಜಗಳ ನಿಲ್ಲದೆ ತಿಂಡಿ ಮಾರುವ ಅಂಗಡಿಯೊಳಗೆ ನುಗ್ಗಿತು. ಸಾಸಿವೆ ಸಾಸಿನ ದೊಡ್ಡ ದೊಡ್ಡ ಡಬ್ಬಿಗಳು ತಲೆಯ ಮೇಲೆ ಬಿದ್ದು ಒಡೆದವು. ನಾಲ್ಕು ಜನ ಗಂಡಸರು ಹಳದಿ ಬಳಿದುಕೊಂಡು ಜಾರಿ ಬೀಳುತ್ತ ಬಡಿದಾಡಿದರು. 1981ರಲ್ಲಿ ಲಾಲರ್ ಮತ್ತು ಟೆರ‍್ರಿ ಫಂಕ್ ಒಬ್ಬ ಪ್ರೇಕ್ಷಕನೂ ಇಲ್ಲದ ಕಾಲಿಸಿಯಂನಲ್ಲಿ ಹೊಡೆದಾಡಿದರು. ಈ ಊರಿನವರೆಲ್ಲ ತನಗೆ ಮೋಸ ಮಾಡುತ್ತಾರೆ, ಜನರೇ ಬೇಡ ಎಂಬುದು ಫಂಕ್‌ನ ಷರತ್ತು. ಆ ತುಣುಕನ್ನು ನಾನು ನೋಡಿದ್ದೇನೆ. ಹತ್ತು ಸಾವಿರಕ್ಕೂ ಹೆಚ್ಚು ಖಾಲಿ ಕುರ್ಚಿಗಳ ನಡುವೆ ಫಂಕ್ ಕಣ್ಣು ಹೋಯಿತೆಂದು ಕಿರುಚುತ್ತಾನೆ, ಆ ಕಿರುಚಾಟ ಗೋಡೆಗೆ ತಾಗಿ ವಾಪಸು ಬರುತ್ತದೆ. ಟಿಕೆಟ್ಟೇ ಇಲ್ಲದ ಪಂದ್ಯದಿಂದ ಮುಂದಿನ ಟಿಕೆಟ್ಟು ಮಾರುವ ಉಪಾಯ!

ಮೆಂಫಿಸ್ ಕುಸ್ತಿಯ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಒಂದೇ ಕಥೆ. ಆಂಡಿ ಕಾಫ್‌ಮನ್ ಎಂಬ ಹಾಸ್ಯನಟ, ಟೀವಿ ಧಾರಾವಾಹಿಯ ತಾರೆ, ಹೆಂಗಸರ ಜೊತೆ ಕುಸ್ತಿಯಾಡಿ ಗೆದ್ದೆನೆಂದು ಮೆರೆಯುವ ವಿಚಿತ್ರ ಪ್ರಹಸನವೊಂದನ್ನು ಹಿಡಿದುಕೊಂಡಿದ್ದ. ನ್ಯೂಯಾರ್ಕಿನ ದೊಡ್ಡ ಕಂಪನಿಯ ಹಿರಿಯ ಮ್ಯಾಕ್‌ಮನ್ ಇದೆಲ್ಲ ನಮ್ಮಲ್ಲಿ ಬೇಡ ಎಂದ. ಮೆಂಫಿಸ್ ಬಾ ಎಂದಿತು. ಕಾಫ್‌ಮನ್ ಏನು ಮಾಡಿದ ಗೊತ್ತೇ? ಟೀವಿಯಲ್ಲಿ ಬಂದು, ಒಂದು ಸಾಬೂನು ಎತ್ತಿ ಹಿಡಿದು, ಇದನ್ನು ಮೈಗೆ ಹೇಗೆ ಹಚ್ಚಿಕೊಳ್ಳಬೇಕು ಎಂದು ಮೆಂಫಿಸಿನ ಜನಕ್ಕೆ ಪಾಠ ಹೇಳಿದ. ತಾನು ಹಾಲಿವುಡ್‌ನವನು, ನೀವು ಕೊಳಕರು. ನೆರೆಯವರು ಇದನ್ನು ಹೇಳುವಾಗ, ಇಷ್ಟು ವರ್ಷವಾದ ಮೇಲೂ, ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಬೈಗುಳ ಯಾವುದೋ ಜಟ್ಟಿಗಲ್ಲ, ಅವರಿಗೇ ಬಿದ್ದಿತ್ತು.

1982ರ ಏಪ್ರಿಲ್ 5, ಸೋಮವಾರ. ಲಾಲರ್ ಕಾಫ್‌ಮನ್‌ನನ್ನು ತಲೆಕೆಳಗು ಮಾಡಿ ಹಿಡಿದು, ತಲೆಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ದೊಪ್ಪನೆ ಕೂತುಬಿಟ್ಟ. ಪೈಲ್‌ಡ್ರೈವರ್. ಮೆಂಫಿಸಿನಲ್ಲಿ ಆ ಪಟ್ಟು ನಿಷಿದ್ಧ, ಹಾಕಿದವನು ಅನರ್ಹ. ಆದ್ದರಿಂದ ಕಾಗದದ ಮೇಲೆ ಗೆದ್ದವನು ಆಂಬುಲೆನ್ಸಿನಲ್ಲಿ ಮಲಗಿದ್ದ ಕಾಫ್‌ಮನ್. ಕೊನೆಗೆ ಜುಲೈ 28ರಂದು ಡೇವಿಡ್ ಲೆಟರ್‌ಮನ್‌ನ ರಾತ್ರಿ ಕಾರ್ಯಕ್ರಮದಲ್ಲಿ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವನ ಕೆನ್ನೆಗೆ ಲಾಲರ್ ಎದ್ದು ಬಾರಿಸಿದ. ಅವನು ಬೈಯುತ್ತ ಬಂದು ಲಾಲರನ ಮೇಲೆ ಕಾಫಿ ಎರಚಿದ. ದೇಶವೆಲ್ಲ ನೋಡಿತು. ಇದೆಲ್ಲ ಇಬ್ಬರೂ ಮಾತಾಡಿಕೊಂಡು ಆಡಿದ ಆಟ ಎಂಬುದು ಹೊರಬಿದ್ದದ್ದು 1984ರಲ್ಲಿ ಕಾಫ್‌ಮನ್ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಎಲ್ಲರೂ ಇದನ್ನು ಮೆಂಫಿಸಿನ ಉಚ್ಛ್ರಾಯ ಎನ್ನುತ್ತಾರೆ. ನನಗೇಕೋ ಅಲ್ಲೇ ಇಳಿಜಾರು ಕಾಣಿಸುತ್ತದೆ. ಊರಿನ ಜಗಳದ ಅತಿ ದೊಡ್ಡ ಏಟು ಬಿದ್ದದ್ದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ, ಮೆಂಫಿಸಿನವರು ಅದನ್ನು ಕಂಡದ್ದು ಉಳಿದವರ ಹಾಗೆಯೇ ಮನೆಯಲ್ಲಿ ಕೂತು.

ಊರು ಎಂದರೆ ಯಾರು ಎಂಬ ಪ್ರಶ್ನೆಯನ್ನೂ ಇಲ್ಲಿ ಬಿಡುವ ಹಾಗಿಲ್ಲ. ಜ್ಯಾರೆಟ್‌ಗಿಂತ ತುಂಬ ಹಿಂದೆ, 1950ರ ದಶಕದಲ್ಲಿ, ಎಲ್ಲಿಸ್ ಆಡಿಟೋರಿಯಂನಲ್ಲಿ ಕುಸ್ತಿ ನಡೆಯುವಾಗ ಕರಿಯರಿಗೆ ಬಾಲ್ಕನಿಯ ಒಂದು ಮೂಲೆ ಮಾತ್ರ. ಸ್ಪುಟ್ನಿಕ್ ಮನ್ರೋ ಎಂಬ ಬಿಳಿಯ ಖಳ ಬೀಲ್ ಸ್ಟ್ರೀಟಿನ ಕರಿಯರ ಬಾರುಗಳಲ್ಲಿ ಓಡಾಡಿ, ಕುಡಿದು, ಟಿಕೆಟ್ಟು ಹಂಚಿ ಅವರ ಆಪ್ತನಾದ. ಬಾಲ್ಕನಿ ತುಂಬಿ ಬಾಗಿಲಲ್ಲಿ ಜನ ನಿಂತರು. ಅವರನ್ನು ಬೇಕಾದಲ್ಲಿ ಕೂರಲು ಬಿಡದಿದ್ದರೆ ತಾನು ರಿಂಗಿಗೆ ಇಳಿಯುವುದಿಲ್ಲ ಎಂದು ಮನ್ರೋ ಹಟ ಹಿಡಿದ. ಗಲ್ಲಾದ ಮುಂದೆ ವರ್ಣಭೇದ ಸೋತಿತು. ಲಾಭಕ್ಕಾಗಿ ಆದ ನ್ಯಾಯ ಎಂದು ಮೂಗು ಮುರಿಯುವವರು ಮುರಿಯಲಿ. ನನ್ನ ನೆರೆಯವರು ಕರಿಯರು. ಅವರ ತಂದೆ ಆ ಬಾಲ್ಕನಿಯಿಂದ ಇಳಿದು ಬಂದವರು. ಸೋಮವಾರದ ಮೇಲೆ ಅವರಿಗಿದ್ದ ಹಕ್ಕಿನ ಭಾವ ನನಗೆ ಅರ್ಥವಾದದ್ದು ಇದನ್ನು ಕೇಳಿದ ಮೇಲೆ.

ಇನ್ನು ಅವನತಿಯ ಮಾತು. 1982ರಲ್ಲಿ ಕಿರಿಯ ವಿನ್ಸ್ ಮ್ಯಾಕ್‌ಮನ್ ಅಪ್ಪನ ಕಂಪನಿ ಕೊಂಡ. ಗಡಿಯ ಒಪ್ಪಂದ ತನ್ನದಲ್ಲ ಎಂಬ ಹಾಗೆ ನಡೆದುಕೊಂಡ. ಕೇಬಲ್ ಟೀವಿ ಬಂದಿತ್ತು. ಹಲ್ಕ್ ಹೋಗನ್, ಅವನೂ 1979ರಲ್ಲಿ ಮೆಂಫಿಸಿನ ಸುತ್ತ ತಿರುಗಿದವನೇ, ದೇಶದ ಮನೆಮನೆಗೂ ಬಂದ. 1985ರ ಮಾರ್ಚ್‌ನಲ್ಲಿ ಮೊದಲ ರೆಸಲ್‌ಮೇನಿಯಾ. ಸೀಮೆಗಳು ಒಂದೊಂದಾಗಿ ಮುಳುಗಿದವು. ಈ ಕಥೆ ಎಲ್ಲ ಕಡೆ ಒಂದೇ, ಹೆಚ್ಚು ಹೇಳುವುದಿಲ್ಲ. 1989ರ ಫೆಬ್ರವರಿಯಲ್ಲಿ ಮ್ಯಾಕ್‌ಮನ್‌ನ ಕಡೆಯವರು ನ್ಯೂಜೆರ್ಸಿಯ ಸೆನೆಟ್ಟಿನ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ, ಆದ್ದರಿಂದ ಕ್ರೀಡೆಯ ತೆರಿಗೆ, ನಿಯಮ ನಮಗೆ ಬೇಡ ಎಂದು ಒಪ್ಪಿಕೊಂಡರು. ಗುಟ್ಟು ರಟ್ಟಾದದ್ದರಿಂದಲೇ ಹಳೆಯ ಕುಸ್ತಿ ಸತ್ತಿತು ಎನ್ನುವವರಿದ್ದಾರೆ. ನಾನು ಹಾಗೆ ಕೇಳಿದ್ದಕ್ಕೆ ನೆರೆಯವರು, ‘ನಮಗೆ ಗೊತ್ತಿರಲಿಲ್ಲ ಅಂತ ನಿನಗೆ ಯಾರು ಹೇಳಿದ್ದು?’ ಎಂದರು. ಅಲ್ಲಿಗೆ ಆ ಪ್ರಮೇಯ ಮುಗಿಯಿತು.

ನನಗೆ ಕಾಣುವ ಕಾರಣ ಬೇರೆ. ಶನಿವಾರದ ಟೀವಿ ಇದ್ದದ್ದೇ ಸೋಮವಾರದ ಟಿಕೆಟ್ಟಿಗಾಗಿ. ಜಗಳವನ್ನು ಅರ್ಧಕ್ಕೆ ಬಿಟ್ಟು, ಉಳಿದದ್ದು ನಾಡಿದ್ದು ಕಾಲಿಸಿಯಂನಲ್ಲಿ ಎನ್ನುವುದೇ ಅದರ ಕೆಲಸ. ಟೀವಿಯೇ ಮಾರುವ ಸರಕಾದ ದಿನ ಈ ಲೆಕ್ಕ ತಲೆಕೆಳಗಾಯಿತು. ದೇಶಕ್ಕೆಲ್ಲ ಹೇಳುವ ಕಥೆಯಲ್ಲಿ ಮೆಂಫಿಸಿನ ಜನರನ್ನು ಕೊಳಕರೆಂದು ಬೈಯುವವರು ಯಾರು? ಬೈಸಿಕೊಳ್ಳುವ ಗೌರವವೂ ಊರಿನ ಕೈ ತಪ್ಪಿತು.

ಹಾಗೆಂದು ಎಲ್ಲ ತಪ್ಪನ್ನೂ ಮ್ಯಾಕ್‌ಮನ್‌ನ ತಲೆಗೆ ಕಟ್ಟಲು ನಾನು ತಯಾರಿಲ್ಲ. ಮೆಂಫಿಸ್ ತನ್ನ ರಾಜನನ್ನು ಇಳಿಸಲೇ ಇಲ್ಲ. ಲಾಲರ್ ಊರಿನ ಹುಡುಗ, ಚಿತ್ರ ಬರೆಯುವವನು. ಜಟ್ಟಿಗಳ ಚಿತ್ರ ಬರೆದು ಟೀವಿಗೆ ಕಳಿಸಿಯೇ ಈ ಲೋಕದೊಳಗೆ ಬಂದವನು. 1974ರಲ್ಲಿ ಗುರು ಜ್ಯಾಕಿ ಫಾರ್ಗೋನ ಎದುರು ನಿಂತು ಕಿರೀಟ ತೊಟ್ಟ. ಆಮೇಲೆ ಇಪ್ಪತ್ತು ವರ್ಷ ಅದೇ ಕಿರೀಟ, ಅದೇ ತಲೆ. ಬಂದ ಹುಡುಗರೆಲ್ಲ ಅವನ ಕೈಯಲ್ಲಿ ಪೆಟ್ಟು ತಿಂದು, ಕಡಿಮೆ ಸಂಬಳ ಪಡೆದು, ಹೆಸರಾಗುವ ಹೊತ್ತಿಗೆ ಬೇರೆ ಕಡೆ ಹೋದರು. 1988ರ ಮೇ 9ರಂದು ಕರ್ಟ್ ಹೆನ್ನಿಗ್‌ನನ್ನು ಸೋಲಿಸಿ ಲಾಲರ್ ಕೊನೆಗೂ ವಿಶ್ವ ಬೆಲ್ಟು ಗೆದ್ದಾಗ ಕಾಲಿಸಿಯಂನಲ್ಲಿ ಜನ ಅತ್ತರಂತೆ. ಆದರೆ ಆ ಬೆಲ್ಟು ಕೊಡುತ್ತಿದ್ದ ಮಿನಿಯಾಪೊಲಿಸ್‌ನ ಕಂಪನಿಯೇ ಆಗ ಕೊನೆಯುಸಿರಿನಲ್ಲಿತ್ತು. ವರ್ಷ ತುಂಬುವುದರೊಳಗೆ ಹಣದ ಜಗಳವಾಗಿ ಪಟ್ಟವೂ ಹೋಯಿತು. 1989ರಲ್ಲಿ ಮೆಂಫಿಸಿನ ಕಂಪನಿ ಡಲ್ಲಾಸ್‌ನ ಬಡವಾದ ಕಂಪನಿಯೊಂದಿಗೆ ಕೂಡಿಕೆಯಾಗಿ ಹೊಸ ಹೆಸರು ಬಂತು, ಹೊಸ ಜೀವ ಬರಲಿಲ್ಲ.

1992ರ ಕೊನೆಗೆ ಲಾಲರ್ ಮ್ಯಾಕ್‌ಮನ್‌ನ ಕಂಪನಿ ಸೇರಿದ, ಮೆಂಫಿಸನ್ನೂ ಬಿಡದೆ. 1993ರ ಜನವರಿಯಲ್ಲಿ ಆ ಕಂಪನಿ ಹೊಸ ಟೀವಿ ಕಾರ್ಯಕ್ರಮ ಶುರು ಮಾಡಿತು, ವಾರಕ್ಕೊಮ್ಮೆ. ಯಾವ ವಾರ? ಸೋಮವಾರ! 1995ರ ಸೆಪ್ಟೆಂಬರಿನಲ್ಲಿ ಎದುರಾಳಿ ಕಂಪನಿಯೂ ಸೋಮವಾರವನ್ನೇ ಹಿಡಿಯಿತು. ಕುಸ್ತಿ ನೋಡಲು ಮೆಂಫಿಸಿನವರು ಷೂ ಹಾಕಿಕೊಳ್ಳಬೇಕಾದ ಅಗತ್ಯ ಉಳಿಯಲಿಲ್ಲ. ಮುಂದೆ ಆ ಸೋಮವಾರದ ಮೇಜಿನ ಹಿಂದೆ ಕೂತು ವಿವರಣೆ ಕೊಟ್ಟವನು ಅವರ ರಾಜನೇ. ಊರಿನ ಕಂಪನಿ ಕೊನೆಗೆ ಹಳೇ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನ ಹಾಲಿಗೆ ಇಳಿಯಿತು. 1996ರಲ್ಲಿ ಅಲ್ಲಿ ಫ್ಲೆಕ್ಸ್ ಕವಾನಾ ಎಂಬ ಹೆಸರಿನಲ್ಲಿ ಪಳಗುತ್ತಿದ್ದ ಹುಡುಗನಿಗೆ ರಾತ್ರಿಗೆ 40 ಡಾಲರ್. ಹಾಗೆಂದು ಅವನೇ, ಮುಂದೆ ದಿ ರಾಕ್ ಆದವನು, ಹೇಳಿಕೊಂಡಿದ್ದಾನೆ. ಕಂಪನಿ ಕೈ ಬದಲಾಯಿಸಿತು, ವ್ಯಾಜ್ಯವಾಯಿತು, 1997ರಲ್ಲಿ ಮುಚ್ಚಿತು.

ಲಾಲರ್ 1999ರಲ್ಲಿ ಮೆಂಫಿಸಿನ ಮೇಯರ್ ಚುನಾವಣೆಗೆ ನಿಂತ, ಸೋತ. 2009ರಲ್ಲಿ ಮತ್ತೆ ನಿಂತ, ಮತ್ತೆ ಸೋತ. ನೀವು ಅವನಿಗೆ ವೋಟು ಹಾಕಿದಿರಾ ಎಂದು ನೆರೆಯವರನ್ನು ಕೇಳಿದೆ. ಎರಡು ಸಲವೂ ಇಲ್ಲವಂತೆ. ‘ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗದೆ ಇರೋ ಪಂದ್ಯಕ್ಕೆ ಅವನು ಇಳೀಬಾರದಿತ್ತು’ ಎಂದರು.