ವಿಶ್ವಸಂಸ್ಥೆಯೂ ಎದುರುಮನೆಯೂ

ನ್ಯೂಯಾರ್ಕ್ ನಗರದ ವಿಶ್ವಸಂಸ್ಥೆಗೆ ವರ್ಷಂಪ್ರತಿ ಲೋಕದ ನಾನಾ ಮೂಲೆಗಳಲ್ಲಿ ಮರಿಗಳು ಹುಟ್ಟುತ್ತವೆ. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಕೆಲವು ಹುಟ್ಟಿ, ಎರಡು ದಿನ ಬಾಳಿ, ಒಂದು ನಿರ್ಣಯವನ್ನು ಅಂಗೀಕರಿಸಿ ಕಣ್ಮರೆಯಾಗುತ್ತವೆ. ‘ಮಾದರಿ ವಿಶ್ವಸಂಸ್ಥೆ’ ಎಂಬುದು ಇವುಗಳ ಪೂರ್ಣ ನಾಮಧೇಯ. ವಿದ್ಯಾರ್ಥಿಗಳ ಬಾಯಲ್ಲಿ ಇಂಗ್ಲಿಷಿನ ಮೊದಲಕ್ಷರಗಳು ಕೂಡಿ ಅದು ಬರಿಯ ‘ಮನ್’ ಆಗಿದೆ. ಶನಿವಾರ ಬೆಳಿಗ್ಗೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಕಪ್ಪು ಕೋಟು ತೊಟ್ಟ ಎಳೆಯರ ಗುಂಪೊಂದು ಇಳಿಯುವುದನ್ನು ಕಂಡರೆ ಅವರನ್ನು ವಕೀಲರೆಂದಾಗಲಿ, ಮದುವೆಯ ಬ್ಯಾಂಡಿನವರೆಂದಾಗಲಿ ಭಾವಿಸಬೇಕಾಗಿಲ್ಲ. ಆ ಬಡಕಲು ಹುಡುಗ ರಷ್ಯ. ಕನ್ನಡಕದ ಹುಡುಗಿ ಬ್ರೆಜಿಲ್. “ಫ್ರಾನ್ಸ್ ಎಲ್ಲೋ?” ಎಂದು ಕೇಳಿದರೆ “ಇಡ್ಲಿ ತಿನ್ನಕ್ಕೆ ಹೋಗಿದಾಳೆ” ಎಂಬ ಉತ್ತರ ಬರುವ ಕಾಲವಿದು.

ಹಲಸೂರು ಕೆರೆಗೆ ಅಷ್ಟೇನೂ ದೂರವಲ್ಲದ ಕಾಲೇಜೊಂದರಲ್ಲಿ ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷಿನಲ್ಲಿ ನಡೆಯುವ ಈ ರಾಜತಂತ್ರದ ಮೇಲ್ವಿಚಾರಣೆಗೆ ಕನ್ನಡದವನನ್ನು ಏಕೆ ನೇಮಿಸಿದರೆಂದು ಕೇಳಬಹುದು. ಉಳಿದವರೆಲ್ಲರೂ ಆ ದಿನ ಬಿಡುವಿಲ್ಲವೆಂದು ತಿಳಿಸಿದ್ದರು ಎಂಬುದರ ಹೊರತು ನನ್ನಲ್ಲಿ ಬೇರೆ ಉತ್ತರವಿಲ್ಲ. ಆದರೆ ಅಲ್ಲಿ ಕುಳಿತ ಅರ್ಧ ಗಂಟೆಯಲ್ಲಿಯೇ ಈ ಆಟ ನನಗೆ ಹೊಸದಲ್ಲವೆನಿಸಿತು. ನಮ್ಮ ಕರಾವಳಿಯ ತಾಳಮದ್ದಲೆಯನ್ನು ಕೇಳಿದವರು ಬಲ್ಲರು: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತಲ್ಲಿಯೇ ವಾದ ಹೂಡುತ್ತಾರೆ. ಇಂದು ಕೃಷ್ಣನ ಪರ ಮಾತನಾಡಿದವರೇ ನಾಳೆ ಕೌರವನ ಪರ ನಿಲ್ಲಬೇಕು. ನಿಂತು, ಕೌರವನಿಗೂ ಒಂದು ನ್ಯಾಯವುಂಟೆಂದು ಸಭೆ ತಲೆದೂಗುವಂತೆ ಮಾಡಬೇಕು. ‘ಮನ್’ನಲ್ಲಿಯೂ ಹಾಗೆಯೇ. ಪಾಲಿಗೆ ಬಂದ ದೇಶದ ಮಾತನ್ನು ಆಡಬೇಕೇ ಹೊರತು ತನ್ನ ಮನಸ್ಸಿನ ಮಾತನ್ನಲ್ಲ. ಅಲ್ಲಿ ‘ನಾನು’ ಎಂಬ ಪದಕ್ಕೇ ಬಹಿಷ್ಕಾರ. ‘ನಮ್ಮ ದೇಶವು ಹೀಗೆ ಭಾವಿಸುತ್ತದೆ’ ಎನ್ನಬೇಕು. ಹದಿನೆಂಟು ವರ್ಷದವರ ನಾಲಗೆಯಿಂದ ಎರಡು ದಿನಗಳ ಮಟ್ಟಿಗಾದರೂ ‘ನಾನು’ ಹೊರಟುಹೋಗುವುದು ಸಣ್ಣ ಸಾಧನೆಯಲ್ಲ.

ಆ ವರ್ಷ ನಮ್ಮವರಿಗೆ ಬಂದದ್ದು ಮಹಿಳೆಯರ ಸ್ಥಾನಮಾನ ಆಯೋಗ. ನಿಜವಾದ ಆಯೋಗವು 1946ರಲ್ಲಿ ಸ್ಥಾಪನೆಯಾಯಿತು. ಹೆಂಗಸರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಒಪ್ಪಂದವನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1979ರ ಡಿಸೆಂಬರ್ 18ರಂದು. ಅಮೆರಿಕವು 1980ರಲ್ಲಿ ಸಹಿ ಹಾಕಿತಾದರೂ ಇಂದಿಗೂ ಅದನ್ನು ಸ್ಥಿರೀಕರಿಸಿಲ್ಲ. ಇರಾನ್ ಸಹಿಯನ್ನೇ ಹಾಕಲಿಲ್ಲ. ಈ ಎರಡು ದೇಶಗಳ ಪಾತ್ರ ವಹಿಸಿದ ಹುಡುಗರು ಒಂದೇ ಬೆಂಚಿನಲ್ಲಿ ಕುಳಿತು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದುದನ್ನು ಕಂಡು ನನಗೆ ನಗು ಬಂತು.

ಮೊದಲ ದಿನದ ಭಾಷಣಗಳಲ್ಲಿ ಹಂಸಾ ಮೆಹತಾ ಅವರ ಹೆಸರು ಪದೇ ಪದೇ ಕೇಳಿಬಂತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ, ಹುಟ್ಟಿನಿಂದ ಸ್ವತಂತ್ರರೂ ಸಮಾನರೂ ಆದವರು ಯಾರು ಎಂಬಲ್ಲಿ ಇಂಗ್ಲಿಷಿನ ಗಂಡಸು ಎಂಬರ್ಥದ ಪದವೇ ಇತ್ತು. ಅದರಲ್ಲಿ ಹೆಂಗಸೂ ಅಡಕವಾಗಿದ್ದಾಳೆಂಬುದು ಆಗಿನ ರೂಢಿಯ ವಾದ. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಒಪ್ಪಲಿಲ್ಲ. ಕಡೆಗೆ 1948ರ ಡಿಸೆಂಬರ್ 10ರಂದು ಘೋಷಣೆ ಹೊರಬಿದ್ದಾಗ ಅಲ್ಲಿ ‘ಎಲ್ಲ ಮಾನವರು’ ಎಂಬರ್ಥದ ಮಾತು ಬಂದಿತ್ತು. ಒಂದು ಪದ ಬದಲಾಯಿತು. ಅರ್ಧ ಲೋಕ ವಾಕ್ಯದೊಳಕ್ಕೆ ಬಂತು.

ಇದನ್ನು ಕೇಳುತ್ತಿದ್ದ ಕನ್ನಡ ಮೇಷ್ಟರಿಗೆ ಒಂದು ಕ್ಷಣ ಹೆಮ್ಮೆಯಾಯಿತೆಂದರೆ ಓದುಗರು ಕ್ಷಮಿಸಬೇಕು. ನಮ್ಮ ಭಾಷೆಯಲ್ಲಿ ಈ ಜಗಳಕ್ಕೆ ಎಡೆಯೇ ಇಲ್ಲ! ಅವನು, ಅವಳು ಎಂಬ ಭೇದವೆಲ್ಲ ಏಕವಚನದಲ್ಲಿ. ಬಹುವಚನಕ್ಕೆ ಏರಿದೊಡನೆ ಇಬ್ಬರೂ ‘ಅವರು’, ಗಂಡಸರು ಬಂದರು, ಹೆಂಗಸರು ಬಂದರು, ಕ್ರಿಯಾಪದಕ್ಕೆ ಪಕ್ಷಪಾತವಿಲ್ಲ. ಆದರೆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಈ ‘ಅವರು’ ಎಂಬುದು ನಮ್ಮಲ್ಲಿ ಗೌರವದ ಮಾತೂ ಹೌದಷ್ಟೆ. ಮನೆಯಲ್ಲಿ ಅದು ಯಾರ ಪಾಲಿಗೆ ಬರುತ್ತದೆ? ಹೆಂಡತಿಗೆ ಗಂಡ ‘ಅವರು’. ಗಂಡನಿಗೆ ಹೆಂಡತಿ ‘ಇವಳು’. ಲೆಕ್ಕ ಬರೆಯುವ ಗುಮಾಸ್ತ ‘ಬಂದರು’. ಪಾತ್ರೆ ತೊಳೆಯುವಾಕೆ, ವಯಸ್ಸಿನಲ್ಲಿ ಅವರ ತಾಯಿಯಂತಿದ್ದರೂ, ‘ಬಂದಳು’. ವ್ಯಾಕರಣ ಕೊಟ್ಟ ಸಮಾನತೆಯನ್ನು ಪಡಸಾಲೆ ಹಿಂದಕ್ಕೆ ಪಡೆದುಕೊಂಡಿದೆ.

ಎರಡನೆಯ ದಿನ ಚರ್ಚೆ ಬಿಸಿಯಾದದ್ದು ಭಾರತದಿಂದ. ಆ ಪಾತ್ರ ಕೃಷ್ಣರಾಜಪುರದ ಕಡೆಯಿಂದ ಬರುವ ನಮ್ಮ ಹುಡುಗಿಯೊಬ್ಬಳದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷನ್ನು ನಿಧಾನವಾಗಿ, ಆದರೆ ಅಳೆದು ಆಡುತ್ತಿದ್ದಳು. ಭಾರತವು 1993ರ ಜುಲೈ 9ರಂದು ಆ ಒಪ್ಪಂದವನ್ನು ಸ್ಥಿರೀಕರಿಸಿತು. ಆದರೆ ಎರಡು ಅನುಚ್ಛೇದಗಳ ವಿಷಯದಲ್ಲಿ ಪ್ರತ್ಯೇಕ ಹೇಳಿಕೆ ಸಲ್ಲಿಸಿತು. ಹೆಣ್ಣು ಕೀಳು, ಗಂಡು ಮೇಲು ಎಂಬ ಭಾವನೆಯಿಂದ ಹುಟ್ಟಿದ ರೂಢಿಗಳನ್ನು ಸರ್ಕಾರ ಬದಲಾಯಿಸಬೇಕೆನ್ನುವುದು ಒಂದು. ಮದುವೆ ಮತ್ತು ಕುಟುಂಬದಲ್ಲಿ ಸಮಾನತೆ ಇರಬೇಕೆನ್ನುವುದು ಇನ್ನೊಂದು. ಇವೆರಡನ್ನೂ, ಯಾವುದೇ ಸಮುದಾಯದ ಸ್ವಂತ ವಿಷಯದಲ್ಲಿ ಆ ಸಮುದಾಯವೇ ಮುಂದಾಗಿ ಒಪ್ಪದ ಹೊರತು ಕೈಹಾಕುವುದಿಲ್ಲವೆಂಬ ತನ್ನ ನೀತಿಗೆ ಅನುಸಾರವಾಗಿ ಪಾಲಿಸುವುದಾಗಿ ಭಾರತ ತಿಳಿಸಿತು. ಹುಡುಗಿ ಇದನ್ನು ಸಮರ್ಥಿಸಬೇಕಾಗಿತ್ತು. ವಿಶಾಲವಾದ ದೇಶ, ನೂರಾರು ಪದ್ಧತಿಗಳು, ಮೇಲಿನಿಂದ ಹೇರಿದ ಸುಧಾರಣೆ ನಿಲ್ಲದು ಎಂದು ಚೆನ್ನಾಗಿಯೇ ವಾದಿಸಿದಳು. ಒಪ್ಪಂದ ಬರಿಯ ಕಾಗದವಲ್ಲ, 1997ರ ವಿಶಾಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಆಧರಿಸಿ ದುಡಿಯುವ ಹೆಂಗಸರ ರಕ್ಷಣೆಗೆ ಮಾರ್ಗಸೂಚಿ ಕೊಟ್ಟಿತು ಎಂದೂ ನೆನಪಿಸಿದಳು. ಆಗ ನಾರ್ವೆ ಎದ್ದು ಒಂದೇ ಪ್ರಶ್ನೆ ಕೇಳಿತು: “ಸಮುದಾಯ ಎಂದರೆ ಯಾರು? ಅದರ ಒಪ್ಪಿಗೆ ಕೊಡುವವರು ಯಾರು?” ಭಾರತವು ಲಿಖಿತ ಉತ್ತರ ಕೊಡುವುದಾಗಿ ಹೇಳಿ ಕುಳಿತಿತು.

ಹೆಂಗಸರು ಎಲ್ಲ ಹೊತ್ತಿನಲ್ಲಿಯೂ ನಿರ್ಭಯವಾಗಿ ಒಂಟಿಯಾಗಿ ಓಡಾಡುವಂತೆ ಸರ್ಕಾರಗಳು ಏರ್ಪಾಡು ಮಾಡಬೇಕೆಂಬುದು ಆ ಸಭೆಯ ನಿರ್ಣಯ. ತಿದ್ದುಪಡಿಗಳ ಗದ್ದಲದಲ್ಲಿ ಮತದಾನಕ್ಕೆ ಬರುವ ಹೊತ್ತಿಗೆ ಏಳು ಹೊಡೆದಿತ್ತು. ಅಧ್ಯಕ್ಷನಾಗಿದ್ದ ಹುಡುಗ ದೇಶಗಳ ಹೆಸರನ್ನು ಕರೆಯತೊಡಗಿದ. ಕೆನಡ ಇಲ್ಲ. ಕೀನ್ಯಾ ಇಲ್ಲ. “ಭಾರತ?” ಉತ್ತರವಿಲ್ಲ. ಹುಡುಗಿಯರು ಕತ್ತಲಾಗುವ ಮುನ್ನ ಮನೆ ಸೇರಬೇಕೆಂದು ಆರು ಗಂಟೆಯಿಂದಲೇ ಒಬ್ಬೊಬ್ಬರಾಗಿ ಎದ್ದುಹೋಗಿದ್ದರು. ಕಾರ್ಯದರ್ಶಿಯು ‘ಗೈರುಹಾಜರಿ’ ಎಂದು ಬರೆದುಕೊಂಡ. ನಿರ್ಣಯ ಭಾರೀ ಬಹುಮತದಿಂದ ಅಂಗೀಕಾರವಾಯಿತು. ಕೈಯೆತ್ತಿದವರಲ್ಲಿ ಹೆಚ್ಚಿನವರು ಹುಡುಗರು.

ಸೋಮವಾರ ಆ ಹುಡುಗಿಯನ್ನು ಕೇಳಿದೆ. ಬಸ್ಸಿನ ತೊಂದರೆಯಿರಬಹುದೆಂದು ನನ್ನ ಊಹೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಅದೇ ವರ್ಷ ಮೆಟ್ರೋ ಕೂಡ ಕೃಷ್ಣರಾಜಪುರವನ್ನು ಮುಟ್ಟಿದೆ. ಅವಳು ತಲೆಯಾಡಿಸಿದಳು. “ಬಸ್ಸು ಬೇಕಾದಷ್ಟು ಇದೆ ಸಾರ್. ನಮ್ಮ ಮನೇಲಿ ಭಯ ರಸ್ತೇದಲ್ಲ, ಎದುರುಮನೆಯವರದು.”

ನಾರ್ವೆಯ ಪ್ರಶ್ನೆಗೆ ಉತ್ತರ ಇಷ್ಟು ಬೇಗ ದೊರೆಯಬಹುದೆಂದು ನಾನು ನಿರೀಕ್ಷಿಸಿರಲಿಲ್ಲ. ಸಮುದಾಯವೆಂದರೆ ಎದುರುಮನೆಯವರು. ಇವರನ್ನು ನಿಷ್ಕರುಣಿಗಳೆಂದು ತಿಳಿಯಬಾರದು. ಮಗುವಿಗೆ ಜ್ವರ ಬಂದರೆ ನಡುರಾತ್ರಿಯಲ್ಲಿ ಆಟೋ ಹಿಡಿದು ತರುವವರೂ ಇವರೇ. ಬೇಸಗೆಯಲ್ಲಿ ನೀರಿನ ಕೊಡವನ್ನು ಹಂಚಿಕೊಳ್ಳುವವರೂ ಇವರೇ. ಆದ್ದರಿಂದಲೇ ಅವರ ಹುಬ್ಬು ಗಂಟಾದರೆ ತಂದೆತಾಯಿಯರು ಅಂಜುತ್ತಾರೆ. ತಮಾಷೆಯೆಂದರೆ, ನಾವಾದರೂ ಅವರಿಗೆ ಎದುರುಮನೆಯವರೇ. ಅವರೂ ತಮ್ಮ ಮಗಳನ್ನು ನಮಗೆ ಅಂಜಿಯೇ ಬೇಗ ಒಳಗೆ ಕರೆದುಕೊಳ್ಳುತ್ತಿರಬಹುದು! ದಿಲ್ಲಿಯ ಸರ್ಕಾರಕ್ಕಿದ್ದ ಸಂಕೋಚವೂ ಕೃಷ್ಣರಾಜಪುರದ ಒಬ್ಬ ಗೃಹಸ್ಥನಿಗಿರುವ ಸಂಕೋಚವೂ ಜಾತಿಯಲ್ಲಿ ಒಂದೇ.

ಮರುವರ್ಷದ ಸಿದ್ಧತೆಯಲ್ಲಿ ಮತದಾನವನ್ನು ಮಧ್ಯಾಹ್ನಕ್ಕೆ ತರೋಣವೆಂದು ಹಲವರು ಸೂಚಿಸಿದರು. ಸುಲಭವಾದ ದಾರಿ. ಆ ಹುಡುಗಿಯೇ ಅಡ್ಡ ಬಂದಳು. ಹೊತ್ತನ್ನು ಬದಲಾಯಿಸಿದರೆ ನಿರ್ಣಯವನ್ನು ನಾವೇ ಸೋಲಿಸಿದಂತೆ ಎಂಬುದು ಅವಳ ವಾದ. ಕಡೆಗೆ ಅವಳದೇ ಸಲಹೆಯಂತೆ ಹೊತ್ತು ಹಾಗೆಯೇ ಉಳಿಯಿತು. ಕೊನೆಯ ಅಧಿವೇಶನ ಕನ್ನಡದಲ್ಲಿ ನಡೆಯಬೇಕೆಂದೂ, ಮನೆಯವರನ್ನು, ನೆರೆಹೊರೆಯವರನ್ನು ಆಹ್ವಾನಿಸಬೇಕೆಂದೂ ಗೊತ್ತಾಯಿತು. ಈ ಸಲ ಅಧ್ಯಕ್ಷಪೀಠ ಅವಳದು. ಅವಳ ತಾಯಿ ಬಂದರು. ಜೊತೆಗೆ ಎದುರುಮನೆಯ ಹಿರಿಯ ಗೃಹಿಣಿಯೂ ಬಂದರು. “ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಒಂದು ಮಾತು” ಎಂದು ಹುಡುಗನೊಬ್ಬ ಎದ್ದು ನಿಂತಾಗ ಆಕೆ ಅಕ್ಕಪಕ್ಕ ನೋಡಿ, “ಯಾರನ್ನ ಹಾಗಂತಿರೋದು?” ಎಂದು ಕೇಳಿದರು. “ನಮ್ಮ ಹುಡುಗೀನೇ” ಎಂದರು ತಾಯಿ. ಏಳೂವರೆಯಾಯಿತು. ತಾಯಿ ಗಡಿಯಾರ ನೋಡಿಕೊಂಡು ಕೂತಲ್ಲೇ ಚಡಪಡಿಸಿದರು. ಎದುರುಮನೆಯಾಕೆ ಅವರ ಕೈಯನ್ನು ಮೆಲ್ಲನೆ ತಟ್ಟಿ, “ಮುಗೀಲಿ ಬಿಡಿ, ಎಲ್ಲಾರೂ ಒಟ್ಟಿಗೇ ಹೋದರಾಯ್ತು” ಎಂದರು.

ಸಮುದಾಯದ ಒಪ್ಪಿಗೆ ಹೀಗೂ ದೊರೆಯುತ್ತದೆ. ಹಿಗ್ಗಬೇಕಾದದ್ದೇ, ಆದರೆ ಲೆಕ್ಕ ಮರೆಯಬಾರದು. ನಿರ್ಣಯ ಕೇಳಿದ್ದು ಒಂಟಿಯಾಗಿ ಹೋಗುವ ಹಕ್ಕನ್ನು. ನಮಗೆ ದೊರೆತದ್ದು ಒಟ್ಟಿಗೆ ಹೋಗುವ ಅನುಮತಿ. ಎರಡರ ನಡುವಿನ ದೂರ ಶಿವಾಜಿನಗರಕ್ಕೂ ಕೃಷ್ಣರಾಜಪುರಕ್ಕೂ ಇರುವುದಕ್ಕಿಂತ ಹೆಚ್ಚು. ಆ ದಾರಿಯನ್ನು ಸವೆಸಬೇಕಾದವರು ಹುಡುಗಿಯರು ಮಾತ್ರವಲ್ಲ, ಯಾರಿಗೋ ಎದುರುಮನೆಯವರಾದ ನಾವೆಲ್ಲರೂ.