ಕೊಡುಗೆಯೂ ಹೊಣೆಯೂ

ಪರರ ನೋವನ್ನು ನೆನೆದು ತನ್ನ ದೇಹವನ್ನು ದಣಿಸುವ ರೂಢಿ ಎಲ್ಲ ನಾಡುಗಳಲ್ಲಿಯೂ ಉಂಟು. ಪಾಶ್ಚಾತ್ಯ ದೇಶಗಳಲ್ಲಿ ಈ ರೂಢಿ ಈಚಿನ ದಶಕಗಳಲ್ಲಿ ಸೈಕಲ್ ಯಾತ್ರೆಯ ರೂಪವನ್ನು ತಳೆದಿದೆ. ಸವಾರರು ಪ್ರವೇಶಶುಲ್ಕ ತೆರುತ್ತಾರೆ, ಬಂಧುಮಿತ್ರರಿಂದ ಧನ ಸಂಗ್ರಹಿಸುತ್ತಾರೆ, ದಿನಗಟ್ಟಲೆ ಬಿಸಿಲು ಗಾಳಿಗಳಲ್ಲಿ ಸೈಕಲ್ ತುಳಿಯುತ್ತಾರೆ. ಕೂಡಿದ ಹಣ ರೋಗಿಗಳ ನೆರವಿಗೆ ಸಲ್ಲುತ್ತದೆ. ಇಂಥ ದಾನದಲ್ಲಿ ಕೊಡುವವನ ಸಂತೋಷವೂ ಬೆರೆತಿದೆಯೆಂದು ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಸಂತೋಷ ದೋಷವಲ್ಲ. ಆದರೆ ಆ ಸಂತೋಷದಲ್ಲಿ ಒಂದು ಪ್ರಶ್ನೆ ಮರೆಯಾಗಬಾರದು: ಯಾವ ನೋವಿಗೆ ದಾನ ಸಲ್ಲುತ್ತಿದೆಯೋ ಆ ನೋವು ಹುಟ್ಟಿದ್ದು ಎಲ್ಲಿ?

ಅಮೆರಿಕದ ಯೂಟಾ ರಾಜ್ಯದ ಆಗ್ನೇಯದಲ್ಲಿ, ಕೊಲೊರಾಡೊ ನದಿಯ ಬಳಿ, ಮೋಆಬ್ ಎಂಬ ಚಿಕ್ಕ ಊರಿದೆ. ಸುತ್ತಲೂ ಕೆಂಪು ಮರಳುಗಲ್ಲಿನ ಮರುಭೂಮಿ. ಸಮೀಪದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರಕೃತಿಯೇ ಕೊರೆದ ಎರಡು ಸಾವಿರಕ್ಕೂ ಹೆಚ್ಚು ಶಿಲಾಕಮಾನುಗಳಿವೆ. ಇಲ್ಲಿ ವಸಂತದ ಆರಂಭದಲ್ಲಿ ಹಲವು ವರ್ಷಗಳ ಕಾಲ ‘ಸ್ಕಿನ್ನಿ ಟೈರ್’ ಎಂಬ ಉತ್ಸವ ನಡೆಯಿತು. ಡಾಂಬರು ರಸ್ತೆಯಲ್ಲಿ ತೆಳುಚಕ್ರದ ಸೈಕಲ್ಲುಗಳ ಯಾತ್ರೆ ಅದು. ಪಂದ್ಯವಲ್ಲದ್ದರಿಂದ ಗೆಲುವು ಸೋಲುಗಳ ಮಾತಿಲ್ಲ. ಅದರ ಸತ್ಫಲ ಕ್ಯಾನ್ಸರ್ ಪೀಡಿತರಿಗೆ ಮೀಸಲು.

2010ರ ದಶಕದ ಆರಂಭದ ಒಂದು ಮಾರ್ಚಿನಲ್ಲಿ ಆ ಉತ್ಸವಕ್ಕೆ ಬಂದವರ ನಡುವೆ ಅರವತ್ತು ದಾಟಿದ ಒಬ್ಬ ನಿವೃತ್ತ ಉಪಾಧ್ಯಾಯಿನಿ ಇದ್ದರು. ಅವರ ಬೆನ್ನಿಗೆ ಅಂಟಿಸಿದ ಬಟ್ಟೆಯ ಚೂರಿನಲ್ಲಿ ತಂದೆಯ ಹೆಸರಿತ್ತು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿ ಮೋಆಬಿನ ಆಗ್ನೇಯಕ್ಕೆ ಯುರೇನಿಯಂ ನಿಕ್ಷೇಪವನ್ನು ಕಂಡುಹಿಡಿದ ಮೇಲೆ ಆ ಊರಿಗೆ ಜನ ಮುಗಿಬಿದ್ದರು. ಹಾಗೆ ಬಂದವರಲ್ಲಿ ಆ ತಂದೆಯೂ ಒಬ್ಬರು. ಗಣಿಯ ಗಾಳಿಯಲ್ಲಿ ರೇಡಾನ್ ಎಂಬ ಅನಿಲ ತುಂಬಿರುತ್ತದೆ. ಅದರಿಂದ ಹುಟ್ಟುವ ವಿಕಿರಣಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಕಾಲಾಂತರದಲ್ಲಿ ಕ್ಯಾನ್ಸರನ್ನು ತರುತ್ತವೆ. ಸರ್ಕಾರದ ವೈದ್ಯರು 1950ರಿಂದಲೇ ಗಣಿಗಾರರನ್ನು ಪರೀಕ್ಷಿಸುತ್ತಿದ್ದರು. ಅಪಾಯವೇನೆಂಬುದನ್ನು ಮಾತ್ರ ಅವರಿಗೆ ತಿಳಿಸಲಿಲ್ಲ. ಗಣಿಯೊಳಗೆ ಗಾಳಿ ಹಾಯಿಸಿದ್ದರೆ ಬಹಳಷ್ಟು ಪ್ರಾಣಗಳು ಉಳಿಯುತ್ತಿದ್ದವು. ತಂದೆ ಐವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ತೀರಿಕೊಂಡರು.

1990ರಲ್ಲಿ ಅಮೆರಿಕದ ಸಂಸತ್ತು ಇಂಥವರಿಗೆ ಪರಿಹಾರ ನೀಡುವ ಕಾಯ್ದೆಯನ್ನು ಮಾಡಿ, ರಾಷ್ಟ್ರದ ಪರವಾಗಿ ಕ್ಷಮೆಯನ್ನೂ ಕೋರಿತು. ಮುದಿ ತಾಯಿ ಆ ಕ್ಷಮೆಯ ವಾಕ್ಯವನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿ, ಹಣದ ವಿಚಾರವನ್ನು ಮತ್ತೆ ಎತ್ತಲಿಲ್ಲ.

ಉತ್ಸವದ ಒಂದು ದಿನದ ದಾರಿ ಪೊಟ್ಯಾಶ್ ರಸ್ತೆ. ಒಂದು ಬದಿಗೆ ಕೆಂಪು ಬಂಡೆಯ ಗೋಡೆ, ಅದರ ಮೇಲೆ ಪ್ರಾಚೀನರು ಕೆತ್ತಿದ ಚಿತ್ರಗಳು; ಮತ್ತೊಂದು ಬದಿಗೆ ನದಿ. ಆದರೆ ಆ ರಸ್ತೆಯ ಮೊದಲಿಗೇ, ನದಿಗೆ ಸಮೀಪದಲ್ಲಿ, ಹಳೆಯ ಯುರೇನಿಯಂ ಗಿರಣಿಯ ತ್ಯಾಜ್ಯದ ದಿಬ್ಬ ಕಾಣುತ್ತಿತ್ತು. 1956ರಿಂದ 1984ರವರೆಗೆ ನಡೆದ ಗಿರಣಿ ಬಿಟ್ಟುಹೋದದ್ದು ಸುಮಾರು 1 ಕೋಟಿ 60 ಲಕ್ಷ ಟನ್ನು. 2009ರಿಂದ ಅದನ್ನು ಮುಚ್ಚಿದ ಪೆಟ್ಟಿಗೆಗಳಲ್ಲಿ ತುಂಬಿ, ಸುಮಾರು 30 ಮೈಲಿ ಉತ್ತರದ ಕ್ರೆಸೆಂಟ್ ಜಂಕ್ಷನ್ನಿಗೆ ರೈಲಿನಲ್ಲಿ ಸಾಗಿಸತೊಡಗಿದ್ದರು.

ಆಕೆ ಸೈಕಲ್ಲಿನಿಂದಿಳಿದು ನಿಂತರು. ಹಿಂದಿನಿಂದ ಬಂದ ತರುಣನೊಬ್ಬ, ‘ಅಮ್ಮಾ, ಆಯಾಸವಾಯಿತೇ?’ ಎಂದು ವಿಚಾರಿಸಿದ. ಆಕೆ ದಿಬ್ಬವನ್ನು ತೋರಿಸಿ ತಂದೆಯ ಕಥೆಯನ್ನು ಹೇಳಿದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕಾಗಿಯೇ ಅಲ್ಲವೇ ನಾವೆಲ್ಲ ತುಳಿಯುತ್ತಿರುವುದು? ಇಷ್ಟು ಸಾಲದೇ?’ ಎಂದ. ಆಕೆಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಹೊಳೆಯದಿರಲು ಕಾರಣವಿತ್ತು. ಆಕೆ ಬಾಲ್ಯದಲ್ಲಿ ಏರಿದ ಮೊದಲ ಸೈಕಲ್ಲು ತಂದೆ ಗಣಿಯ ಸಂಬಳದಲ್ಲಿ ಕೊಡಿಸಿದ್ದು. ಮನೆ, ಶಾಲೆ, ಊಟ ಎಲ್ಲಕ್ಕೂ ಮೂಲ ಆ ಸಂಬಳವೇ. ಆ ಅದಿರು ಅಣ್ವಸ್ತ್ರಗಳಿಗೆ ಹೋಯಿತೆಂಬುದನ್ನೂ ಆಕೆ ಬಲ್ಲರು. ತಪ್ಪನ್ನು ಸಂಪೂರ್ಣವಾಗಿ ಅನ್ಯರ ತಲೆಗೆ ಕಟ್ಟಿ ಹಗುರಾಗುವ ಮಾರ್ಗ ಅವರಿಗೆ ತೆರೆದಿರಲಿಲ್ಲ.

ಮತ್ತೊಂದು ದಿನ ಡೆಡ್ ಹಾರ್ಸ್ ಪಾಯಿಂಟ್ ಎಂಬ ತಾಣಕ್ಕೆ ದೀರ್ಘವಾದ ಏರು. ಆಕೆ ಹಲವು ಕಡೆ ಇಳಿದು, ಸೈಕಲ್ಲನ್ನು ತಳ್ಳಿ, ಮತ್ತೆ ಏರಿ, ಕೊನೆಯವರಲ್ಲಿ ಒಬ್ಬರಾಗಿ ತುದಿಯನ್ನು ಮುಟ್ಟಿದರು. ಅಲ್ಲಿಂದ ಎರಡು ಸಾವಿರ ಅಡಿ ಕೆಳಗೆ ನದಿ ಬಳಸಿ ಹರಿಯುತ್ತದೆ. ಆ ಹೆಸರಿಗೆ ಒಂದು ಐತಿಹ್ಯವಿದೆ. ದನಗಾಹಿಗಳು ಕಾಡುಕುದುರೆಗಳನ್ನು ಅಟ್ಟಿಕೊಂಡು ಬಂದು, ಇಕ್ಕಟ್ಟಾದ ಕೊರಳಿನಂಥ ಆ ಜಾಗಕ್ಕೆ ಬೇಲಿ ಹಾಕಿ, ಬೇಕಾದವನ್ನು ಆರಿಸಿಕೊಂಡು ಉಳಿದವನ್ನು ಅಲ್ಲೇ ಬಿಟ್ಟರಂತೆ. ಕೆಳಗೆ ನೀರು ಕಾಣುತ್ತಿದ್ದಂತೆಯೇ ಅವು ಬಾಯಾರಿ ಸತ್ತವಂತೆ.

ತರುಣನ ಪ್ರಶ್ನೆಗೆ ಉತ್ತರ ಆಕೆಗೆ ಅಲ್ಲಿ ದೊರೆಯಿತು. ಬಾಯಾರಿದ ಕುದುರೆಗೆ ನೀರು ಹೊತ್ತೊಯ್ಯುವುದು ಪುಣ್ಯಕಾರ್ಯ, ಅದನ್ನು ನಿಲ್ಲಿಸಕೂಡದು. ಆದರೆ ಬೇಲಿಯನ್ನು ಹಾಗೆಯೇ ಬಿಟ್ಟು ನೀರು ಹೊರುತ್ತಿದ್ದರೆ ಹೊರುವವನಿಗೆ ಕೀರ್ತಿ ಬಂದೀತು, ಕುದುರೆಗೆ ಬಿಡುಗಡೆ ಬಾರದು.

ಅಂದು ಸಂಜೆ ಸವಾರರು ಊಟಕ್ಕೆ ಸೇರಿದಾಗ ಆಕೆ ಬಹಳ ಹೊತ್ತು ಹಿಂಜರಿದರು. ಸಂತೋಷದ ಕೂಟವನ್ನು ಕದಡುವುದೇಕೆ? ಪ್ರವಾಸಿಗರನ್ನೇ ನಂಬಿ ಬದುಕುವ ಊರಿನಲ್ಲಿ ವಿಷದ ಮಾತೇಕೆ? ಕೊನೆಗೆ ಎದ್ದು ನಿಂತು ತಂದೆಯ ವಿಷಯವನ್ನೂ, ದಿಬ್ಬದ ವಿಷಯವನ್ನೂ, ತಮ್ಮ ಮೊದಲ ಸೈಕಲ್ಲಿನ ವಿಷಯವನ್ನೂ ಹೇಳಿದರು. ಯಾರನ್ನೂ ದೂಷಿಸಲಿಲ್ಲ. ‘ಆ ರೈಲು ಹೊರುವ ಭಾರದಲ್ಲಿ ನನ್ನ ಪಾಲೂ ಇದೆ. ಅದು ನಿಲ್ಲದಂತೆ ನೋಡಿಕೊಳ್ಳುವುದೂ ನಮ್ಮ ದಾನದಲ್ಲಿ ಸೇರಲಿ’ ಎಂದು ಕುಳಿತರು. ಕೆಲವರು ತಲೆದೂಗಿದರು, ಕೆಲವರು ತಟ್ಟೆಯನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಆ ತರುಣ ಗುಂಪಿನಿಂದ ಹಿಂದುಳಿದು ಆಕೆಯ ಬಳಿಗೆ ಬಂದ. ‘ರೈಲಿನ ಕೆಲಸಕ್ಕೆ ಹಣ ಮಂಜೂರು ಮಾಡುವವರು ಯಾರು? ಅವರಿಗೆ ಪತ್ರ ಬರೆಯಬೇಕು’ ಎಂದ. ಆಕೆ ಚೀಟಿಯೊಂದರಲ್ಲಿ ವಿವರ ಬರೆದುಕೊಟ್ಟು ಸೈಕಲ್ಲು ಏರಿದರು.

ಕೊಡುವ ಕೈ ಉದಾರವಾಗಿದ್ದರೆ ಸಾಲದು. ತಾನು ಉಂಡದ್ದರ ಲೆಕ್ಕವನ್ನೂ ಅದು ಇಟ್ಟಿರಬೇಕು. ಆ ಲೆಕ್ಕ ತಪ್ಪದಿದ್ದಲ್ಲಿ ದಾನವು ಅನುಕಂಪದ ಎಲ್ಲೆಯನ್ನು ದಾಟಿ ಋಣಪರಿಹಾರವಾಗುತ್ತದೆ.